ಪ್ರವಾಹ ಬರಿಯ ಖಳನಾಯಕನೇ?

ಪ್ರಕೃತಿ ವಿಕೋಪದ ನಡುವೆ ಒಂದು ಪ್ರೇಮಕಥೆ. ಚಲನಚಿತ್ರಗಳಿಗೆ ಇದು ಬಹಳ ಪ್ರಿಯವಾದ ವಸ್ತು. 2018ರಲ್ಲಿ ಬಿಡುಗಡೆಯಾದ, ಅಭಿಷೇಕ್ ಕಪೂರ್ ನಿರ್ದೇಶನದ ಹಿಂದಿ ಚಿತ್ರ ‘ಕೇದಾರನಾಥ್’ ಅನ್ನು ನೀವು ನೋಡಿರಬಹುದು. ಯಾತ್ರಿಕರನ್ನು ಬೆನ್ನ ಮೇಲೆ ಹೊತ್ತೊಯ್ಯುವ ಮನ್ಸೂರ್, ಅರ್ಚಕರ ಮಗಳು ಮುಕ್ಕು. ಇವರ ಪ್ರೀತಿಗೆ ಮನೆಯವರ ವಿರೋಧ. ಕೊನೆಯ ಭಾಗದಲ್ಲಿ 2013ರ ಜೂನ್ ತಿಂಗಳ ಪ್ರವಾಹ ನುಗ್ಗಿ ಬರುತ್ತದೆ. ಕಥೆಗೆ ಒಮ್ಮೆಲೇ ಓಟ ಬರುತ್ತದೆ. ನಾವು ಉಸಿರು ಬಿಗಿಹಿಡಿದು ನೋಡುತ್ತೇವೆ. ಆದರೆ ಆ ನೀರು ಎಲ್ಲಿಂದ ಬಂತು, ಏಕೆ ಬಂತು? ಈ ಪ್ರಶ್ನೆಯ ಬಳಿ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪ್ರವಾಹ ಇಲ್ಲಿ ಪ್ರೇಮಿಗಳನ್ನು ಅಗಲಿಸುವ ಖಳನಾಯಕ, ಅಷ್ಟೇ.

ನಿಜವಾದ ಘಟನೆ ಇದಕ್ಕಿಂತ ರೋಚಕ. ಕೇದಾರದ ಮೇಲ್ಭಾಗದಲ್ಲಿ ಚೋರಾಬಾರಿ ಎಂಬ ಸಣ್ಣ ಸರೋವರವಿತ್ತು. ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬವೇ ಅದರ ಏರಿ. ಹೆಚ್ಚಾದ ನೀರು ಸುರಕ್ಷಿತವಾಗಿ ಹರಿದುಹೋಗಲು ಕೋಡಿ ಇರಲಿಲ್ಲ. ಎರಡು ದಿನಗಳಲ್ಲಿ 300 ಮಿ.ಮೀ.ಗಿಂತ ಹೆಚ್ಚು ಮಳೆ ಬಿತ್ತು, ಜೊತೆಗೆ ಹಿಮವೂ ಕರಗಿತು. ಜೂನ್ 17ರ ಬೆಳಿಗ್ಗೆ ದಿಬ್ಬ ಒಡೆದು, ಕೆಲವೇ ನಿಮಿಷಗಳಲ್ಲಿ ಸರೋವರ ಬರಿದಾಯಿತು. ಕಡೂರಿನ ಬಯಲಿನಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ. ಎಂದರೆ ಆ ಮಳೆಯ ಪ್ರಮಾಣವನ್ನು ಊಹಿಸಿಕೊಳ್ಳಿ!

ಏರಿ, ಕೋಡಿ ಎಂಬ ಮಾತುಗಳು ಕಡೂರು, ತರೀಕೆರೆ, ಅಜ್ಜಂಪುರದವರಿಗೆ ಹೊಸವಲ್ಲ. ತರೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಕಡೂರು ಸೀಮೆಯ ಮದಗದ ಕೆರೆಯನ್ನು ಕುರಿತ ಜನಪದ ಹಾಡು ನಾಡಿಗೆಲ್ಲ ಪರಿಚಿತ. ಅದೂ ವಿಕೋಪದ ಕಥೆಯೇ, ಓಟವೂ ಬಿರುಸಾಗಿದೆ. ಆದರೆ ಅಲ್ಲಿ ಎಲ್ಲಕ್ಕೂ ಒಂದು ಕ್ರಮವಿದೆ: ಮೊದಲು ಮೋಡ, ಆಮೇಲೆ ಗಾಳಿ, ಮಳೆ, ತುಂಬುವ ಕೆರೆ, ಸುದ್ದಿ ಮುಟ್ಟಿಸುವ ಅವಸರ, ಏರಿಗೆ ಮಣ್ಣು ಹಾಕಲು ಜನರ ಕರೆ. ಕುತೂಹಲ ಹುಟ್ಟುವುದು ಕಾರಣದಿಂದ ಮತ್ತು ಉಳಿದಿರುವ ಸಮಯದಿಂದ. ಗಂಗೆ ಖಳನಾಯಕಿಯಲ್ಲ, ತಾನು ನಿಲ್ಲಲಾರೆನೆಂದು ಮುಂಚೆಯೇ ಹೇಳುವವಳು.

ಇದೇ ಸೀಮೆಯ ಸಖರಾಯಪಟ್ಟಣದ ಅಯ್ಯನಕೆರೆಗೂ ಒಂದು ಐತಿಹ್ಯವಿದೆ. ಬಿ. ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಅದನ್ನು ದಾಖಲಿಸಿದ್ದಾರೆ. ಕೆರೆ ಒಡೆಯುತ್ತೇನೆಂದ ದೇವತೆಯನ್ನು, ತಾನು ಮರಳುವವರೆಗೆ ಕಾಯುವಂತೆ ಬೇಡಿ, ಹೊನ್ನಬಿಲ್ಲನೆಂಬ ತೋಟಿ ಊರಿಗೆ ಓಡಿದ. ಅವನು ಮರಳದಿದ್ದರೆ ಕೆರೆ ಉಳಿಯುತ್ತದೆಂದು ಊರವರು ಅವನನ್ನೇ ಕೊಂದರು! ಕಥೆಯಾಗಿ ಇದು ಎದೆ ನಡುಗಿಸುತ್ತದೆ. ಆದರೆ ವಿಜ್ಞಾನ ಇದನ್ನು ಒಪ್ಪಲಾರದು. ಏರಿಯ ಮೇಲೆ ನೀರು ಹರಿದರೆ, ಅಥವಾ ಒಳಗಿನ ಸೋರಿಕೆ ಮಣ್ಣನ್ನು ಕೊರೆದರೆ ಕೆರೆ ಒಡೆಯುತ್ತದೆ. ಗಟ್ಟಿಯಾದ ಏರಿ, ತೆರೆದ ಕೋಡಿ ಇದ್ದರೆ ಉಳಿಯುತ್ತದೆ. ಎಚ್ಚರಿಕೆ ತಂದವನ ಪ್ರಾಣಕ್ಕೂ ಇದಕ್ಕೂ ಸಂಬಂಧವಿಲ್ಲ.

‘ಕೇದಾರನಾಥ್’ ಚಿತ್ರದ ಪ್ರೇಮಿಗಳಿಗಾಗಿ ಮರುಗುವುದು ಸಹಜ. ಆದರೆ ಮೇಲಿನ ಸರೋವರ ತುಂಬುತ್ತಿರುವುದನ್ನು ಕಂಡು, ಕೆಳಗಿನವರಿಗೆ ತಿಳಿಸಲು ಓಡುವ ಒಬ್ಬನಿದ್ದಿದ್ದರೆ ಆ ಚಿತ್ರ ಇನ್ನಷ್ಟು ರೋಚಕವಾಗುತ್ತಿರಲಿಲ್ಲವೇ? ಚಿತ್ರ ಮುಗಿದ ಮೇಲೂ ಅಂಥವನು ನಮ್ಮ ಮನಸ್ಸಿನಲ್ಲಿ ಉಳಿಯುತ್ತಿದ್ದ. ಈ ಸಲ ಮುಂಗಾರಿಗೆ ಮೊದಲು ನಿಮ್ಮೂರಿನ ಕೆರೆಯ ಏರಿಯ ಮೇಲೆ ಒಮ್ಮೆ ನಡೆದು ನೋಡಿ. ಕೋಡಿ ಕಟ್ಟಿಕೊಂಡಿದೆಯೇ? ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆಯೇ? ಕಂಡದ್ದನ್ನು ಪಂಚಾಯಿತಿಗೆ ತಿಳಿಸಿ. ಹೊನ್ನಬಿಲ್ಲ ಮಾಡಿದ್ದೂ ಅದನ್ನೇ.