ಹವ್ಯಾಸಿಗೆ ಬೇಕು ಕೆಳಗಿನ ಮೆಟ್ಟಿಲು

ರಾಷ್ಟ್ರೀಯ ಸ್ಕ್ವಾಷ್ ಚಾಂಪಿಯನ್‌ಷಿಪ್‌ನಲ್ಲಿ ಹವ್ಯಾಸಿಗಳಿಗೂ ಜಾಗ ಇರಬೇಕು ಎಂಬ ವಾದ ನ್ಯಾಯವಾದದ್ದೇ. ಆ ಜಾಗಕ್ಕೆ ತಲುಪುವುದು ಹೇಗೆ ಎಂಬುದನ್ನು ಪರೀಕ್ಷಿಸಲು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ದಸರಾ ಕ್ರೀಡಾಕೂಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸ್ಕ್ವಾಷ್ ಬಹುಕಾಲ ಹವ್ಯಾಸಿ ಮತ್ತು ವೃತ್ತಿಪರರನ್ನು ಬೇರೆಬೇರೆಯಾಗಿಯೇ ಇಟ್ಟಿತ್ತು. ಹದಿನೈದರ ಹರೆಯದ ಜಹಾಂಗೀರ್ ಖಾನ್ 1979ರಲ್ಲಿ ಗೆದ್ದದ್ದು ವಿಶ್ವ ಹವ್ಯಾಸಿ ಪ್ರಶಸ್ತಿಯನ್ನು. 1980ರ ಹೊತ್ತಿಗೆ ಆ ಭೇದ ನಿಯಮದಿಂದ ಹೋಯಿತು. ನೆಲದ ಮೇಲೆ ಮಾತ್ರ ಇನ್ನೊಂದು ಭೇದ ಉಳಿಯಿತು. ಈ ಆಟಕ್ಕೆ 9.75 ಮೀಟರ್ ಉದ್ದ, 6.4 ಮೀಟರ್ ಅಗಲದ, ನಾಲ್ಕು ಗೋಡೆಯ ಅಂಕಣ ಬೇಕು. ಅದು ಸಿಗುವುದು ಹೆಚ್ಚಾಗಿ ದೊಡ್ಡ ಊರುಗಳ ಕ್ಲಬ್ಬುಗಳಲ್ಲಿ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಚಿನ್ನ ಗೆದ್ದ ಜೋಷ್ನಾ ಚಿನ್ನಪ್ಪ ಕೊಡಗು ಮೂಲದವರು. ಆದರೆ ಆಟ ಕಲಿತದ್ದು ಚೆನ್ನೈನಲ್ಲಿ.

ದಸರಾ ಕೂಟದ ಹಿರಿಮೆ ಇಲ್ಲಿದೆ. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್, ಓಟ ಇವಕ್ಕೆ ಬಯಲು ಮತ್ತು ಸುಣ್ಣದ ಗೆರೆ ಸಾಕು. ಕ್ಲಬ್ಬಿನ ಸದಸ್ಯತ್ವವನ್ನು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಬಂದವನೂ ಕಾಲೇಜು ಹುಡುಗಿಯೂ ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಕೊನೆಗೆ ಮೈಸೂರಿನ ರಾಜ್ಯ ಮಟ್ಟಕ್ಕೆ ಹೋಗಬಹುದು. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಅಲ್ಲಿಯವರಿಗೆ ತಮ್ಮದೇ ತಂಡ ಕಳಿಸುವ ಹಕ್ಕು ಬಂತು. ಇದು ಸಣ್ಣ ಲಾಭವಲ್ಲ.

ಕೊರತೆಯೂ ಇಲ್ಲೇ ಇದೆ. ತಾಲ್ಲೂಕು ಕೂಟ ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಸೋತರೆ ಹೊರಗೆ ಎಂಬ ಪದ್ಧತಿಯಲ್ಲಿ, ವರ್ಷವಿಡೀ ಸಂಜೆ ಬೆವರು ಸುರಿಸಿದ ತಂಡ ಮೊದಲಲ್ಲೇ ಸೋತರೆ ಅದಕ್ಕೆ ಸಿಗುವುದು ಒಂದೇ ಪಂದ್ಯ. ಕಲಿಕೆ ಸೋಲಿನ ನಂತರದ ಪಂದ್ಯದಲ್ಲಿ ಆಗಬೇಕು. ಆ ಪಂದ್ಯವೇ ಇಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆಯ ಆಟಗಾರ ಜಿಲ್ಲಾ ಕೇಂದ್ರವಾದ ಚಾಮರಾಜನಗರ ತಲುಪಲು ನೂರು ಕಿಲೋಮೀಟರಿಗೂ ಹೆಚ್ಚು ದೂರ ಬರಬೇಕು. ದಿನಗೂಲಿ ಬಿಟ್ಟು ಬರುವವನಿಗೆ ಈ ದೂರವೇ ಮೊದಲ ಎದುರಾಳಿ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ದಸರಾ ಕೂಟ ಬಾಗಿಲು ತೆರೆದಿದೆ, ಆಟವನ್ನು ಬೆಳೆಸುತ್ತಿಲ್ಲ. ಸ್ಕ್ವಾಷ್ ಆಟಗಾರನನ್ನು ಬೆಳೆಸಬಲ್ಲದು, ಬಾಗಿಲು ಕಿರಿದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಸೇರಿರುವ ಈ ಹೊತ್ತಿನಲ್ಲಿ ಸಂಘಟಕರು ರಾಷ್ಟ್ರೀಯ ಕೂಟದ ಅರ್ಹತಾ ಸುತ್ತಿನಲ್ಲಿ ಹವ್ಯಾಸಿಗಳಿಗೆ ಸ್ಥಾನ ಮೀಸಲಿಡಲಿ, ಜಿಲ್ಲಾ ಕೇಂದ್ರಕ್ಕೊಂದು ಸಾರ್ವಜನಿಕ ಅಂಕಣ ಕಟ್ಟಲಿ. ಕ್ರೀಡಾ ಇಲಾಖೆ ತಾಲ್ಲೂಕು ಕೂಟವನ್ನು ಲೀಗ್ ಮಾದರಿಗೆ ತಂದು, ದೂರದ ಊರಿನವರಿಗೆ ಪ್ರಯಾಣದ ವೆಚ್ಚವನ್ನು ಮುಂಗಡವಾಗಿ ಕೊಡಲಿ. ಇಷ್ಟನ್ನೂ ಮಾಡದೆ ಹವ್ಯಾಸಿಗಳಿಗೆ ಸ್ವಾಗತ ಎಂದು ಫಲಕ ಹಾಕಿದರೆ ಹನೂರಿನ ಹುಡುಗಿಗೆ ಅದರಿಂದ ಪ್ರಯೋಜನವಿಲ್ಲ.