ಕಳ್ಳಭಟ್ಟಿಯ ಕಾದಂಬರಿಯೂ ಸಕ್ಕರೆಯ ಲೆಕ್ಕವೂ

ಮ್ಯಾಟ್ ಬಾಂಡ್ಯುರಂಟ್ ಅವರ ‘ದಿ ವೆಟ್ಟೆಸ್ಟ್ ಕೌಂಟಿ ಇನ್ ದಿ ವರ್ಲ್ಡ್’ ಎಂಬ ಕಾದಂಬರಿಯು 2008ರಲ್ಲಿ ಪ್ರಕಟವಾಯಿತು. ಅಮೆರಿಕದ ಪಾನನಿರೋಧದ ಕಾಲವನ್ನು ಬೋಧಿಸುವಾಗ ಇದನ್ನು ವಿದ್ಯಾರ್ಥಿಗಳ ಕೈಗೆ ಕೊಡಬಹುದೇ ಎಂಬ ಪ್ರಶ್ನೆಯು ನಮ್ಮ ಮುಂದೆ ಬಂದುದರಿಂದ ಈ ಕೆಲವು ಮಾತುಗಳನ್ನು ಬರೆಯಬೇಕಾಗಿದೆ.

ಕಥೆ ನಡೆಯುವುದು ವರ್ಜೀನಿಯ ಸಂಸ್ಥಾನದ ಬ್ಲೂ ರಿಜ್ ಬೆಟ್ಟಗಳ ತಪ್ಪಲಿನ ಫ್ರಾಂಕ್ಲಿನ್ ಕೌಂಟಿಯಲ್ಲಿ. ಹೋವರ್ಡ್, ಫಾರೆಸ್ಟ್, ಜ್ಯಾಕ್ ಎಂಬ ಮೂವರು ಸೋದರರು ಕಳ್ಳಭಟ್ಟಿ ಇಳಿಸಿ ಮಾರುವವರು. ಕಿರಿಯನಾದ ಜ್ಯಾಕನು ಕಾದಂಬರಿಕಾರರ ಸ್ವಂತ ಅಜ್ಜ. ಕಟ್ಟುನಿಟ್ಟಾದ ಡಂಕರ್ಡ್ ಪಂಥದ ಮನೆಯ ಹುಡುಗಿ ಬರ್ಥಾಳಲ್ಲಿ ಜ್ಯಾಕನಿಗೆ ಅನುರಾಗ. ಮಾತುಗಳ್ಳನಾದ ಫಾರೆಸ್ಟನ ಬಾಳಿಗೆ ಮ್ಯಾಗಿ ಬಂದು ಸೇರುತ್ತಾಳೆ. ಕತ್ತು ಕೊಯ್ದರೂ ಫಾರೆಸ್ಟನು ಬದುಕಿ ಉಳಿಯುವುದು, 1930ರ ಡಿಸೆಂಬರಿನಲ್ಲಿ ಸೇತುವೆಯ ಬಳಿ ಗುಂಡು ಹಾರುವುದು, ಇವುಗಳ ನಡುವೆ ಪ್ರಣಯವೂ ಭಯವೂ ಹೆಣೆದುಕೊಂಡಿವೆ. ಅಲ್ಲಿಯ ಜನ ಈ ಮದ್ಯಕ್ಕೆ ಬೆಳದಿಂಗಳೆಂದು ಹೆಸರಿಟ್ಟರು, ನಾವು ಕಳ್ಳಭಟ್ಟಿಯೆನ್ನುತ್ತೇವೆ. ಹೆಸರಿನಲ್ಲಿಯೇ ಎಷ್ಟು ಅಂತರ!

ವಾತಾವರಣದ ನಿರ್ಮಾಣದಲ್ಲಿ ಲೇಖಕರಿಗೆ ಸಿದ್ಧಿಯಿದೆಯೆಂಬುದನ್ನು ಮೊದಲು ಒಪ್ಪಬೇಕು. ಹಂದಿಯನ್ನು ಕೊಲ್ಲಲಾರದೆ ಕೈನಡುಗುವ ಬಾಲಕ ಜ್ಯಾಕನ ಚಿತ್ರವು ಮುಂದಿನ ಹಿಂಸೆಗೆಲ್ಲ ಒಂದು ಅಳತೆಗೋಲಿನಂತೆ ನಿಲ್ಲುತ್ತದೆ. ತಾಯಿಯನ್ನೂ ಸೋದರಿಯರನ್ನೂ ಒಯ್ದ ಇನ್‌ಫ್ಲುಯೆಂಜಾದ ನೆರಳು ಮನೆಯಿಂದ ಕೊನೆಯವರೆಗೂ ತೊಲಗುವುದಿಲ್ಲ.

ಆದರೆ ನಮ್ಮ ಆಕ್ಷೇಪಣೆಯು ಬೇರೊಂದು ಕಡೆ ಇದೆ. ವರ್ಜೀನಿಯದಲ್ಲಿ ಪಾನನಿರೋಧವು 1916ರಲ್ಲಿಯೇ ಬಂದಿತು. ರಾಷ್ಟ್ರಕ್ಕೆಲ್ಲ 1920ರ ಜನವರಿಯಲ್ಲಿ ಅನ್ವಯಿಸಿತು. 1933ರ ಡಿಸೆಂಬರಿನಲ್ಲಿ ರದ್ದಾಯಿತು. ಈ ಕೌಂಟಿಯ ಪ್ರಸಿದ್ಧ ಒಳಸಂಚಿನ ಮೊಕದ್ದಮೆ ನಡೆದದ್ದು ಅದಕ್ಕೂ ಅನಂತರ, 1935ರಲ್ಲಿ. ಆರೋಪವಾದರೂ ಕುಡಿತದ್ದಲ್ಲ, ಸರ್ಕಾರಕ್ಕೆ ಸಲ್ಲಬೇಕಾದ ಮದ್ಯದ ತೆರಿಗೆಯನ್ನು ವಂಚಿಸಿದ್ದು. ಆ ಕಾಲದಲ್ಲಿ ಹೊರಬಿದ್ದ ಲೆಕ್ಕವನ್ನು ನೋಡಿದರೆ ಕೆಲವೇ ವರ್ಷಗಳಲ್ಲಿ ಈ ಕೌಂಟಿಗೆ ಬಂದಿಳಿದ ಸಕ್ಕರೆ ಸುಮಾರು 3 ಕೋಟಿ 38 ಲಕ್ಷ ಪೌಂಡು. ಜನಸಂಖ್ಯೆ ಸುಮಾರು 24,000. ಎಂದರೆ ಹಸುಗೂಸೂ ಸೇರಿ ತಲೆಗೆ 1,400 ಪೌಂಡು! ಇಷ್ಟು ಸಕ್ಕರೆಯನ್ನು ಮೂವರು ಸಾಹಸಿಗಳು ಹೊತ್ತು ತರಲಾರರು. ಇದರ ಹಿಂದೆ ಸಗಟು ವ್ಯಾಪಾರಿ, ಸಾಗಣೆಗಾರ, ಸಾಲಕೊಡುವವ, ಕಣ್ಣುಮುಚ್ಚಿ ಕಾಣಿಕೆ ಪಡೆಯುವ ಅಧಿಕಾರಿ ಎಲ್ಲರೂ ಇರಲೇಬೇಕು. ಬೆಟ್ಟದ ಬಡ ರೈತನು ಜೋಳವನ್ನು ಮಾರಿ ಬದುಕಲಾರದೆ ಈ ಯಂತ್ರದ ಒಂದು ಹಲ್ಲಾದನು. ಕಾದಂಬರಿಯ ಕುತೂಹಲವಾದರೋ ಸೇತುವೆಯ ಬಳಿ ನಿಲ್ಲುತ್ತದೆ, ಗೋದಾಮಿನ ಬಳಿಗೆ ಹೋಗುವುದಿಲ್ಲ. ರೋಮಾಂಚನಕ್ಕೆ ಎದುರಾಳಿಯೊಬ್ಬನು ಬೇಕು. ಲೆಕ್ಕದ ಪುಸ್ತಕವು ಎದುರಾಳಿಯಾಗಲಾರದು. ಹೀಗಾಗಿ ಕಾಣಿಕೆಕೊಡಲೊಪ್ಪದ ಸೋದರರು ವೀರರಾಗಿಯೂ, ಕಾಣಿಕೆಕೊಟ್ಟ ನೂರಾರು ಮಂದಿ ಕೇವಲ ಹಿನ್ನೆಲೆಯಾಗಿಯೂ ಉಳಿಯುತ್ತಾರೆ. ಮೊಮ್ಮಗನು ಅಜ್ಜನ ಕಥೆಯನ್ನು ಹೇಳುವಾಗ ಇದು ಸಹಜವೇ. ಆದರೂ ಸಹಜವಾದುದೆಲ್ಲ ಚರಿತ್ರೆಗೆ ಸಾಲದು.

ಕೃತಿಯ ಅತ್ಯಂತ ಪ್ರಾಮಾಣಿಕವಾದ ಭಾಗವು, ಅನೇಕರಿಗೆ ಬೇಸರ ತರಿಸಬಹುದಾದ ಷರ್ವುಡ್ ಆಂಡರ್ಸನ್ ಅವರ ಅಧ್ಯಾಯಗಳೇ ಎಂದು ನಮ್ಮ ಅಭಿಪ್ರಾಯ. ಆ ಪ್ರಸಿದ್ಧ ಲೇಖಕರು ನಿಜವಾಗಿಯೂ ವರ್ಜೀನಿಯದಲ್ಲಿ ನೆಲಸಿದ್ದರು. 1935ರಲ್ಲಿ ಈ ಮೊಕದ್ದಮೆಯನ್ನು ಕುರಿತು ಪತ್ರಿಕೆಗೆ ಬರೆದರು. ಮರುವರ್ಷ, ಕಳ್ಳಮದ್ಯದ ಕಾರು ನಡೆಸುವ ಹೆಣ್ಣೊಬ್ಬಳನ್ನು ನಾಯಿಕೆಯಾಗಿಸಿ ‘ಕಿಟ್ ಬ್ರಾಂಡನ್’ ಎಂಬ ಕಾದಂಬರಿಯನ್ನು ಹೊರತಂದರು. ಬಾಂಡ್ಯುರಂಟರ ಆಂಡರ್ಸನ್ ಊರೂರು ಅಲೆದು ಪ್ರಶ್ನೆ ಕೇಳುತ್ತಾರೆ, ಜನ ಬಾಯಿಬಿಡುವುದಿಲ್ಲ. ಸಾಕ್ಷಿಯ ಮೌನದೆದುರು ಕುಳಿತ ಸಂಶೋಧಕನ ಪಾಡು ಏನೆಂಬುದನ್ನು ನಮ್ಮ ವೃತ್ತಿಯವರಾರೂ ಇಷ್ಟು ಚೆನ್ನಾಗಿ ಬರೆದಂತಿಲ್ಲ. ಈ ಕಾದಂಬರಿಯಿಂದ 2012ರಲ್ಲಿ ತಯಾರಾದ ‘ಲಾಲೆಸ್’ ಚಲನಚಿತ್ರವು ಆಂಡರ್ಸನ್‌ರನ್ನೇ ಕೈಬಿಟ್ಟಿತು. ಸ್ಥಳೀಯ ಡೆಪ್ಯುಟಿಯಾಗಿದ್ದ ರೇಕ್ಸನನ್ನು ಷಿಕಾಗೋದಿಂದ ಬಂದ ಹೊರಗಿನವನನ್ನಾಗಿ ಮಾಡಿತು. ಕೇಡು ಊರಿನೊಳಗಿನದೇ ಎಂಬ ಕಹಿಯನ್ನು ಕಾದಂಬರಿ ಉಳಿಸಿಕೊಂಡಿದೆ, ಚಿತ್ರ ಕಳೆದುಕೊಂಡಿದೆ.

ವಿದ್ಯಾರ್ಥಿಗಳಿಗೆ ಪುಸ್ತಕವನ್ನು ಕೊಡಲು ನಮಗೆ ಅಭ್ಯಂತರವಿಲ್ಲ. ಆದರೆ ವಿಚಾರಣೆಯ ಫಲಿತಾಂಶವನ್ನು ಜೊತೆಯಲ್ಲಿ ಓದಿಸಬೇಕು: ವಿಚಾರಣೆಗೆ ನಿಂತ 23 ಮಂದಿಯಲ್ಲಿ 20 ಮಂದಿ ಅಪರಾಧಿಗಳೆಂದು ತೀರ್ಮಾನವಾಯಿತು, ಬಿಡುಗಡೆಯಾದ ಮೂವರಲ್ಲಿ ಒಬ್ಬನು ಕೌಂಟಿಯ ಸರ್ಕಾರಿ ವಕೀಲನಾಗಿದ್ದ ಕಾರ್ಟರ್ ಲೀ.