ಉದ್ಯಾನದಲ್ಲಿ ದಾರಿ ಯಾವುದು?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಗೊಂಡಾಗ ಅದನ್ನು 'ಉದ್ಯಾನದೊಳಗಿನ ಟರ್ಮಿನಲ್' ಎಂದು ಹೊಗಳಲಾಯಿತು. ಬಿದಿರಿನ ಚಾವಣಿ, ತೂಗುವ ಹಸಿರು, ಸುಮಾರು 2.55 ಲಕ್ಷ ಚದರ ಮೀಟರ್ ವಿಸ್ತಾರ. ಹೊಗಳಿಕೆ ಸುಳ್ಳಲ್ಲ. ಆದರೆ ಸಾರ್ವಜನಿಕ ಕಟ್ಟಡವನ್ನು ಚೆಲುವಿನಿಂದಷ್ಟೇ ಅಳೆದರೆ ಸಾಕೇ?

ಖಾನಾಪುರದ ತಾಯಿಯೊಬ್ಬರು ಕೊಲ್ಲಿಯಲ್ಲಿ ದುಡಿಯುವ ಮಗನನ್ನು ನೋಡಲು ಮೊದಲ ಸಲ ಹೊರಟಿದ್ದಾರೆಂದು ಭಾವಿಸಿ. ಬೆಳಗಾವಿಯ ಸಾಂಬ್ರಾದಲ್ಲಿ ಅವರಿಗೆ ಅಂಜಿಕೆಯಿಲ್ಲ. 1942ರಲ್ಲಿ ಬ್ರಿಟಿಷ್ ವಾಯುಸೇನೆ ಕಟ್ಟಿದ ಆ ನಿಲ್ದಾಣ ಇಂದಿಗೂ ಚಿಕ್ಕದೇ; ಎದುರಿಗೆ ಸಿಕ್ಕವರನ್ನು ಕೇಳಿದರಾಯಿತು. ಬೆಂಗಳೂರಿನ ಮಾತು ಬೇರೆ. ಊರಿನ ವಿಮಾನ ಒಂದನೇ ಟರ್ಮಿನಲ್‌ನಲ್ಲಿ ಇಳಿಸಿದರೆ, ವಿದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯದರಿಂದ ಹೊರಡುತ್ತವೆ. ಎರಡು ಬೇರೆ ಟಿಕೆಟ್‌ಗಳಿದ್ದರೆ ಸಾಮಾನು ಪಡೆದು ಹೊರಬಂದು, ಇನ್ನೊಂದು ಟರ್ಮಿನಲ್ ಸೇರಿ, ಮತ್ತೆ ಚೆಕ್-ಇನ್, ಇಮಿಗ್ರೇಷನ್, ಭದ್ರತಾ ತಪಾಸಣೆ. ಈ ಕ್ರಮವನ್ನು ಯಾವ ಬಳ್ಳಿಯೂ ಹೇಳಿಕೊಡದು.

ಫಲಕಗಳಲ್ಲಿ ಕನ್ನಡವಿದೆ, ಸಂತೋಷ. ಆದರೆ ಫಲಕ 'ಇದು ಏನು' ಎಂದು ಹೇಳುತ್ತದೆ; ಹೊಸಬರಿಗೆ ಬೇಕಾದದ್ದು 'ಇನ್ನು ಮುಂದೇನು' ಎಂಬುದು. ಅನುಭವಸ್ಥರಿಗಾಗಿ ರಚಿಸಿದ ಕಟ್ಟಡ ಉಳಿದವರನ್ನು ಅಪರಿಚಿತರ ದಯೆಗೆ ಬಿಡುತ್ತದೆ.

ಪರಿಹಾರಕ್ಕೆ ಕೋಟಿಗಳು ಬೇಡ. ಸಾಂಬ್ರಾದಲ್ಲೇ ಕನ್ನಡ, ಮರಾಠಿ, ಉರ್ದುವಿನಲ್ಲಿ ಅಚ್ಚಾದ ಒಂದು ಚೀಟಿಯನ್ನು ಆ ತಾಯಿಯ ಕೈಗಿತ್ತರೆ ಸಾಕು. ಕೆಂಪೇಗೌಡರ 108 ಅಡಿ ಪ್ರತಿಮೆಯನ್ನು ಅವರೂ ಆಗ ನಿಶ್ಚಿಂತೆಯಿಂದ ತಲೆಯೆತ್ತಿ ನೋಡಬಹುದು.